ಲಾರಿ ಎಲ್ಲಿ ನಿಲ್ಲಬೇಕು?

ವಿಶಾಖಪಟ್ಟಣದ ಆಸಿಲ್‌ಮೆಟ್ಟದಲ್ಲಿರುವ ಸಂಪತ್ ವಿನಾಯಕನ ಗುಡಿ ಅಷ್ಟೇನೂ ದೊಡ್ಡದಲ್ಲ. ರಸ್ತೆಗೆ ಅಂಟಿಕೊಂಡೇ ಇದೆ. ಬಸ್ಸಿನ ಕಿಟಕಿಯಿಂದಲೇ ಕೈಮುಗಿದು ಮುಂದೆ ಸಾಗುವವರು ದಿನಕ್ಕೆಷ್ಟೋ ಮಂದಿ. ಆ ಊರಿನಲ್ಲಿ ಹೊಸ ಗಾಡಿ ಕೊಂಡವರು ಮನೆಗೆ ಹೋಗುವ ಮೊದಲು ಬರುವುದು ಇಲ್ಲಿಗೇ. ಸ್ಕೂಟರು, ಕಾರು, ಆಟೊ, ಸರಕಿನ ಗಾಡಿ ಎಲ್ಲವೂ ಗುಡಿಯ ಮುಂದೆ ಸಾಲುಗಟ್ಟುತ್ತವೆ. ಅರ್ಚಕರು ಬಾನೆಟ್ಟಿನ ಮೇಲೆ ಅರಿಶಿನದಲ್ಲಿ ಸ್ವಸ್ತಿಕ ಬರೆದು ಕುಂಕುಮವಿಡುತ್ತಾರೆ. ಮುಂದುಗಡೆ ಹೂವಿನ ಹಾರ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಕರ್ಪೂರ ಹಚ್ಚಿ, ನಿವಾಳಿಸಿ, ತೆಂಗಿನಕಾಯಿ ಒಡೆದ ಮೇಲೆ ಗಾಡಿ ಒಂದು ಮಾರು ಮುಂದಕ್ಕೆ ಹೋಗಬೇಕು, ನಿಂಬೆಹಣ್ಣು ಅಪ್ಪಚ್ಚಿಯಾಗಬೇಕು. ಅಲ್ಲಿಗೆ ಪೂಜೆ ಮುಗಿಯಿತು. ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಆದರೆ ಅಷ್ಟು ಹೊತ್ತೂ ಗಾಡಿ ನಿಂತಿರುವುದು ಸಾರ್ವಜನಿಕ ರಸ್ತೆಯ ಅಂಚಿನಲ್ಲಿ.

1962ರಲ್ಲಿ ಒಂದು ವ್ಯಾಪಾರಿ ಕುಟುಂಬ ತನ್ನ ಆವರಣದಲ್ಲಿ ಕಟ್ಟಿಸಿಕೊಂಡ ಗುಡಿ ಇದು. 1967ರಲ್ಲಿ ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿ ಸ್ವಾಮಿಗಳು ಇಲ್ಲಿ ಗಣಪತಿ ಯಂತ್ರ ಸ್ಥಾಪಿಸಿದರು. 1971ರ ಯುದ್ಧದ ಹೊತ್ತಿನಲ್ಲಿ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಊರನ್ನು ಕಾಪಾಡಪ್ಪಾ ಎಂದು 1001 ತೆಂಗಿನಕಾಯಿ ಒಡೆಸಿದರಂತೆ. ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಬಂದರಿನಾಚೆ ಮುಳುಗಿದ ಮೇಲೆ ಈ ಕಥೆ ಊರಿನ ಆಸ್ತಿಯೇ ಆಯಿತು. ಹಡಗನ್ನೇ ಮುಳುಗಿಸಿದ ದೇವರಿಗೆ ಲಾರಿಯೊಂದನ್ನು ಕಾಯುವುದು ಯಾವ ಮಹಾ ಎಂಬ ನಂಬಿಕೆ ಗಾಡಿಯವರದು. ಗುಡಿಯ ಮುಂದೆ ಗಾಡಿ ನಿಂತರೆ ಹಿಂದಿನವರು ಹಾರ್ನ್ ಹೊಡೆಯಬಹುದು, ಪೊಲೀಸರು ಸೀಟಿ ಊದಬಹುದು. ಆದರೂ ಪೂಜೆ ಮುಗಿಯುವ ತನಕ ಊರು ಸಹಿಸಿಕೊಳ್ಳುತ್ತದೆ.

ಅದೇ ಗಾಡಿ ನಾಳೆ ಹತ್ತು ಟನ್ ಸರಕು ಹೊತ್ತು ಬಂದು ಅದೇ ರಸ್ತೆಯ ಅಂಚಿನಲ್ಲಿ ನಿಂತಿತು ಅನ್ನಿ, ಆಗ ಅದು ಅಡ್ಡಿ, ಅಪರಾಧ, ಇ-ಚಲನ್.

ಕಾನೂನು ಸ್ಪಷ್ಟವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ ಇತರರಿಗೆ ಅಪಾಯವೋ ಅಡಚಣೆಯೋ ಆಗುವಂತೆ ವಾಹನ ಬಿಟ್ಟು ಹೋಗಬಾರದು. 127ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ನಿಂತ ವಾಹನವನ್ನು, ನಿಲ್ಲಬಾರದ ಕಡೆ ನಿಂತ ವಾಹನವನ್ನು, ಪೊಲೀಸರು ಎಳೆಸಿಕೊಂಡು ಹೋಗಬಹುದು, ಇಲ್ಲವೆ ಚಕ್ರಕ್ಕೆ ಬೀಗ ಜಡಿಯಬಹುದು. 115ನೇ ಸೆಕ್ಷನ್ ಕೈಯಲ್ಲಿದ್ದರೆ ಯಾವ ರಸ್ತೆಗೆ ಯಾವ ಗಾಡಿ ಬರಬಾರದೆಂದು ಸರ್ಕಾರ ನಿರ್ಬಂಧಿಸಬಹುದು. ಹಗಲು ಹೊತ್ತಿನಲ್ಲಿ ಭಾರಿ ಸರಕು ವಾಹನಗಳನ್ನು ನಗರದ ಒಳಗೆ ಬಿಡದಿರುವ ಆದೇಶಗಳು ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಹೊಸತಲ್ಲ. ಸಾಲದ್ದಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಬಂದಿದೆ. ದಾರಿಗೆ ಅಡ್ಡಿ ಮಾಡಿದವನಿಗೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿವರೆಗೆ ಇದ್ದ ದಂಡ ಇದರಲ್ಲಿ 5,000 ರೂಪಾಯಿವರೆಗೆ ಏರಿದೆ.

ಇಷ್ಟೆಲ್ಲದರ ನಡುವೆ 117ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ವಾಹನಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂದು ಸರ್ಕಾರ ಜಾಗ ಗೊತ್ತುಮಾಡಬಹುದು. ಇದು ಸರ್ಕಾರಕ್ಕೆ ಕೊಟ್ಟ ಅಧಿಕಾರ. ಮಾಡಲೇಬೇಕೆಂಬ ಹೊಣೆಯೇನೂ ಇಲ್ಲ. ಚಾಲಕನ ಮೇಲಿರುವುದು ಕಡ್ಡಾಯ, ಊರಿನ ಮೇಲಿರುವುದು ಐಚ್ಛಿಕ. ಈ ಓರೆ ತಕ್ಕಡಿಯಲ್ಲೇ ಒಂದು ಧರ್ಮಪ್ರಶ್ನೆ ಅಡಗಿದೆ. ನಿಲ್ಲಲು ಎಲ್ಲೂ ಜಾಗ ಕೊಡದೆ 'ಇಲ್ಲಿ ನಿಲ್ಲಬೇಡ' ಎನ್ನುವ ಹಕ್ಕು ಯಾರಿಗಾದರೂ ಇದೆಯೇ? ಲಾರಿಯವರು ದಿನವೂ ಕೇಳಿಸಿಕೊಳ್ಳುವ ಮಾತು 'ಮುಂದೆ ಹೋಗು'. ಮುಂದೆ ಎಂದರೆ ಎಲ್ಲಿಗೆ ಎಂದು ಅವರು ತಿರುಗಿ ಕೇಳುವುದಿಲ್ಲ. ಕೇಳಿದರೆ ಕೇಸು ಬೀಳುತ್ತದೆ.

ಈ ಪ್ರಶ್ನೆಗೆ ವಿಜಯವಾಡಕ್ಕಿಂತ ತಕ್ಕ ಊರು ಸಿಗಲಾರದು. ಚೆನ್ನೈ–ಕೋಲ್ಕತ್ತ ನಡುವಿನ ರಾಷ್ಟ್ರೀಯ ಹೆದ್ದಾರಿ 16, ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿ 65, ಎರಡೂ ಸಂಧಿಸುವುದು ಇಲ್ಲಿಯೇ. ಸಂಧಿಸುವ ವೃತ್ತಕ್ಕೆ ಊರಿನವರು ಕರೆಯುವ ಹೆಸರು ಬೆಂಜ್ ಸರ್ಕಲ್. ಲಾರಿಯ ಕಾಲದಲ್ಲಿ ಹುಟ್ಟಿದ ಹೆಸರು ಅದು. ಊರಿನ ನಡುವೆ ಚೆದುರಿಕೊಂಡಿದ್ದ ಗ್ಯಾರೇಜು, ಬಾಡಿ ಕಟ್ಟುವ ಶೆಡ್ಡುಗಳಿಗೆ ಹೊರಗೆ ಜಾಗ ಕೊಟ್ಟು 1960ರ ದಶಕದಲ್ಲಿ ಎಬ್ಬಿಸಿದ ಆಟೊನಗರ ದೇಶದ ದೊಡ್ಡ ವಾಹನ ಕೇರಿಗಳಲ್ಲಿ ಒಂದು. ಕೃಷ್ಣಾ ಜಿಲ್ಲೆಯ ಲಾರಿ ಮಾಲೀಕರ ಸಂಘಕ್ಕೆ ರಾಜಕೀಯದವರೂ ಮಣೆ ಹಾಕುತ್ತಾರೆ. ಆಟೊನಗರದ ಹೆಸರಿಟ್ಟುಕೊಂಡೇ ತೆಲುಗಿನಲ್ಲಿ ಸಿನಿಮಾ ಬಂದಿದೆ ಎಂದ ಮೇಲೆ ಹೆಚ್ಚು ಹೇಳಬೇಕಿಲ್ಲ. ಲಾರಿಯಿಂದ ಉಂಡು ಬೆಳೆದ ಊರಿಗೂ ಲಾರಿ ಎಲ್ಲಿ ನಿಲ್ಲಬೇಕೆಂಬ ತಲೆನೋವು ತಪ್ಪಿಲ್ಲ.

ಅದು ಎದ್ದು ಕಾಣುವುದು ದಸರೆಯಲ್ಲಿ. ಇಂದ್ರಕೀಲಾದ್ರಿಯ ಕನಕದುರ್ಗಮ್ಮ ಒಂಬತ್ತು ದಿನ ದಿನಕ್ಕೊಂದು ಅಲಂಕಾರದಲ್ಲಿ ದರ್ಶನ ಕೊಡುತ್ತಾಳೆ. ಮೂಲಾ ನಕ್ಷತ್ರದ ದಿನ ಸರಸ್ವತಿ ಅಲಂಕಾರ, ಅಂದು ಜನ ಕಿಕ್ಕಿರಿಯುತ್ತಾರೆ. ಬೆಟ್ಟಕ್ಕೂ ಕೃಷ್ಣೆಗೂ ನಡುವೆ ಉಳಿದ ಇಕ್ಕಟ್ಟಿನ ಪಟ್ಟಿಯಲ್ಲೇ ಹೈದರಾಬಾದ್ ದಾರಿ ಹಾದುಹೋಗುತ್ತದೆ. 2020ರ ಅಕ್ಟೋಬರ್ 16ರಂದು ಕನಕದುರ್ಗ ಮೇಲ್ಸೇತುವೆ ಉದ್ಘಾಟನೆಯಾದ ಮೇಲೆ ಉಸಿರಾಡುವಂತಾಗಿದೆ ನಿಜ. ಆದರೂ ಹಬ್ಬದ ದಿನಗಳಲ್ಲಿ ಭಾರಿ ವಾಹನಗಳನ್ನು ಊರಿನ ಹೊರಗೇ ತಿರುಗಿಸಿಬಿಡುತ್ತಾರೆ. ಹೈದರಾಬಾದಿನಿಂದ ವಿಶಾಖಪಟ್ಟಣಕ್ಕೆ ಹೋಗುವ ಲಾರಿ ಇಬ್ರಾಹಿಂಪಟ್ಟಣದಲ್ಲೇ ಹೊರಳಿ ಮೈಲವರಂ, ನೂಜಿವೀಡು, ಹನುಮಾನ್ ಜಂಕ್ಷನ್ ಸುತ್ತಿಕೊಂಡು ಹೋಗಬೇಕು. ಚೆನ್ನೈ ಕಡೆಯಿಂದ ಬಂದದ್ದು ತೆನಾಲಿ, ರೇಪಲ್ಲೆ, ಅವನಿಗಡ್ಡ, ಪಾಮರ್ರು, ಗುಡಿವಾಡ ಎಂದು ಡೆಲ್ಟಾವನ್ನೆಲ್ಲ ಬಳಸಬೇಕು. ಹಣೆಯ ಮೇಲೆ ಬಣ್ಣದಲ್ಲಿ ಕನಕದುರ್ಗೆಯ ಹೆಸರು ಬರೆಸಿಕೊಂಡ ಲಾರಿ ಅವಳ ಹಬ್ಬದಲ್ಲಿ ಅವಳ ಬೆಟ್ಟದ ಕಣ್ಣಿಗೂ ಬೀಳದೆ ಗದ್ದೆ ಬಯಲಿನಲ್ಲಿ ಸುತ್ತು ಹೊಡೆಯುತ್ತದೆ. ಆಯುಧಪೂಜೆ ಬರುವುದೂ ಅದೇ ವಾರದಲ್ಲಿ.

ಇದನ್ನು ಅನ್ಯಾಯ ಎನ್ನಲು ಬಾಯಿ ಬರುವುದಿಲ್ಲ. ಮೂಲಾ ನಕ್ಷತ್ರದ ಆ ಜನಜಂಗುಳಿಯ ನಡುವೆ ಹದಿನಾರು ಚಕ್ರದ ಗಾಡಿ ಬಿಟ್ಟರೆ ಆಗುವ ಅನಾಹುತ ಯಾರಿಗೂ ಬೇಡ. ವಿಶಾಖಪಟ್ಟಣದಲ್ಲೂ ಆಷಾಢದ ಹುಣ್ಣಿಮೆಗೆ ಸಿಂಹಾಚಲದ ಗಿರಿಪ್ರದಕ್ಷಿಣೆ ನಡೆಯುತ್ತದೆ. ಬೆಟ್ಟ ಸುತ್ತಿ 32 ಕಿಲೊಮೀಟರ್ ನಡೆಯುವ ಲಕ್ಷಗಟ್ಟಲೆ ಜನರಿಗೆ ರಸ್ತೆ ಬಿಟ್ಟುಕೊಡಲೇಬೇಕು. ಕೃಷ್ಣದೇವರಾಯ 1516ರಲ್ಲಿ ದಂಡೆತ್ತಿ ಬಂದಾಗ ಅದೇ ಬೆಟ್ಟದ ದೇವರು ಅಪ್ಪನ್ನನ ಮುಂದೆ ಕಾಣಿಕೆಯಿಟ್ಟ ಶಾಸನ ಇನ್ನೂ ಅಲ್ಲಿದೆ. ಅವನ ಆನೆ ಕುದುರೆಗಳಿಗೆ ಬೀಡು ಎಲ್ಲಿ ಎಂದು ಪ್ರಶ್ನಿಸುವ ಧೈರ್ಯ ಆಗ ಯಾರಿಗೂ ಇದ್ದಿರಲಿಕ್ಕಿಲ್ಲ. ಹಬ್ಬದ ದಿನದ ನಿರ್ಬಂಧಕ್ಕೆ ಒಂದು ಕೊನೆಯಿದೆ, ಕಾರಣವೂ ಕಣ್ಣಿಗೆ ಕಾಣುತ್ತದೆ, ಸುತ್ತುದಾರಿಯನ್ನಾದರೂ ಮೊದಲೇ ಹೇಳುತ್ತಾರೆ. ಉಳಿದ ಮುನ್ನೂರೈವತ್ತು ದಿನದ ವಿಚಾರ ಬೇರೆ.

ರಸ್ತೆಯ ಮೇಲೆ ನಿಂತ ದೇವರುಗಳಿಗೂ ಇಲ್ಲಿ ರಿಯಾಯಿತಿ ಸಿಕ್ಕಿಲ್ಲ. 2016ರ ಕೃಷ್ಣಾ ಪುಷ್ಕರಕ್ಕಾಗಿ ರಸ್ತೆ ಅಗಲಿಸುವಾಗ ವಿಜಯವಾಡದಲ್ಲಿ ಹಲವು ಗುಡಿಗಳನ್ನು ಕೆಡವಿದರು. ಅದು ರಾಜಕೀಯವಾಗಿ, ಸರ್ಕಾರ ಬದಲಾಗಿ, 2021ರ ಜನವರಿ 8ರಂದು ಒಂಬತ್ತು ಗುಡಿಗಳನ್ನು ಮತ್ತೆ ಕಟ್ಟಲು ಶಂಕುಸ್ಥಾಪನೆ ನಡೆಯಿತು. ಸಾರ್ವಜನಿಕ ರಸ್ತೆಯಲ್ಲಿ ಹೊಸ ಪ್ರಾರ್ಥನಾ ಮಂದಿರ ಏಳಬಾರದೆಂದು ಸುಪ್ರೀಂ ಕೋರ್ಟು 2009ರಲ್ಲೇ ಆದೇಶಿಸಿತ್ತು. ಎಬ್ಬಿಸಿದ ದೇವರಿಗೆ ಬೇರೆ ಜಾಗ ಕೊಡಬೇಕೆಂದು ಕೇಳಲು ಭಕ್ತರಿದ್ದರು, ಪಕ್ಷಗಳಿದ್ದವು. ಎಬ್ಬಿಸಿದ ಲಾರಿಗೆ ಅಂಥವರು ಕಡಿಮೆ.

ಹಳೆಯ ಗ್ರಂಥಗಳು ಈ ವಿಷಯದಲ್ಲಿ ಏನೆನ್ನುತ್ತವೆ? ದಾರಿ ಯಾರಿಗೆ ಬಿಡಬೇಕೆಂಬ ಪಟ್ಟಿಯೊಂದು ಮನುಸ್ಮೃತಿಯಲ್ಲಿದೆ. ಗಾಡಿಯಲ್ಲಿ ಬರುವವನು, ತೊಂಬತ್ತು ದಾಟಿದ ಮುದುಕ, ರೋಗಿ, ಹೊರೆ ಹೊತ್ತವನು, ಹೆಂಗಸು, ಸ್ನಾತಕ, ರಾಜ, ಮದುಮಗ. ಪಟ್ಟಿಯ ಮೊದಲಲ್ಲೇ ಚಕ್ರದವನು. ಹೊರೆಯವನು ರಾಜನಿಗಿಂತ ಮುಂದೆ. ಆ ಗ್ರಂಥದ ಬಹಳಷ್ಟು ಭಾಗವನ್ನು ಇಂದು ಯಾರೂ ಒಪ್ಪಬೇಕಿಲ್ಲ, ಒಪ್ಪಲೂಬಾರದು. ಆದರೂ ಭಾರ ಹೊತ್ತವನು ನಿಂತು ಹೊರಳುವುದು ಕಷ್ಟ ಎಂಬ ಸಾದಾ ತಿಳಿವಳಿಕೆ ಅಲ್ಲಿದೆ. ಕೌಟಿಲ್ಯನದು ಬೇರೆ ರಾಗ. ಬೀದಿಯಲ್ಲಿ ಕಸ ಸುರಿದರೆ ಎಂಟರಲ್ಲೊಂದು ಪಣ, ಕೆಸರು ನೀರು ಕಟ್ಟಿ ನಿಲ್ಲಿಸಿದರೆ ಕಾಲು ಪಣ, ರಾಜಮಾರ್ಗದಲ್ಲಿ ಎರಡೂ ದುಪ್ಪಟ್ಟು. ಅವನ ಅರ್ಥಶಾಸ್ತ್ರದಲ್ಲಿ ನಗರದ ಧರ್ಮಶಾಲೆ ನೋಡಿಕೊಳ್ಳುವವರ ಪ್ರಸ್ತಾಪವೂ ಇದೆ. ಬಂದ ಪ್ರಯಾಣಿಕರ ಲೆಕ್ಕ ಒಪ್ಪಿಸುವುದು ಅವರ ಕೆಲಸ. ಗುಮಾನಿಯ ಕಣ್ಣು ನಿಜ, ಆದರೂ ಬಂದವನು ತಂಗುತ್ತಾನೆ ಎಂದು ಮೊದಲೇ ಎಣಿಸಿಯೇ ಆ ವ್ಯವಸ್ಥೆ ಮಾಡಿದ್ದು.

ಅಶೋಕನ ಎರಡನೆಯ ಶಿಲಾಶಾಸನ ಕರ್ನೂಲು ಸೀಮೆಯ ಎರ್ರಗುಡಿಯಲ್ಲೂ ಇದೆ. ದಾರಿಯುದ್ದಕ್ಕೂ ಮನುಷ್ಯರಿಗೂ ದನಕರುಗಳಿಗೂ ಬಾವಿ ತೋಡಿಸಿ ಮರ ನೆಡಿಸಿದ್ದನ್ನು ಅರಸು ಅದರಲ್ಲಿ ಹೇಳಿಕೊಂಡಿದ್ದಾನೆ. ಎತ್ತಿಗೂ ನೆರಳು ಬೇಕೆಂದು ಚಕ್ರವರ್ತಿಗೆ ಹೊಳೆದಿತ್ತು ಎಂಬುದು ಮುಖ್ಯ. ವಿಶಾಖಪಟ್ಟಣದಿಂದ ಭೀಮಿಲಿ ದಾರಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ತೊಟ್ಲಕೊಂಡವನ್ನು ನೋಡಿದರೆ ಈ ಯೋಚನೆ ಕಲ್ಲಿನಲ್ಲೇ ಸಿಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಈ ಬೌದ್ಧ ವಿಹಾರವನ್ನು ಪುರಾತತ್ತ್ವ ಇಲಾಖೆ 1988ರಿಂದ 1992ರವರೆಗೆ ಅಗೆಯಿತು. ಬಂಡೆ ಕೊರೆದ ನೀರಿನ ತೊಟ್ಟಿಗಳು, ಭಿಕ್ಷುಗಳ ಸಾಲು ಕೋಣೆಗಳು, ಅಡುಗೆಮನೆ, ಊಟದ ಹಜಾರ ಕಂಡವು. ಸಾತವಾಹನ ನಾಣ್ಯಗಳ ಜತೆಗೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಧ್ಯಾನಕ್ಕೆ ಕೂತವರ ಬಳಿ ರೋಮಿನ ದುಡ್ಡು ಹೇಗೆ ಬಂತು? ಸಮುದ್ರದ ವ್ಯಾಪಾರದೊಡನೆ ಈ ಬೆಟ್ಟಕ್ಕೆ ನಂಟಿಲ್ಲದೆ ಬಂದಿರದು.

ನಿಲ್ಲುವುದಕ್ಕೆ ಅವಧಿ ಹಾಕಿದವರೂ ಧರ್ಮದವರೇ. ಸಂನ್ಯಾಸಿ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ತಂಗಬಹುದು, ಅದಕ್ಕಿಂತ ಹೆಚ್ಚು ನಿಂತರೆ ನಂಟು ಬೆಳೆಯುತ್ತದೆ ಎಂದು ಯತಿಧರ್ಮ ಹೇಳುತ್ತದೆ. ಮಳೆಗಾಲ ಬಂದರೆ ಮಾತ್ರ ಚಾತುರ್ಮಾಸ್ಯ, ಒಂದೇ ಕಡೆ ಬಿಡಾರ. ಬೌದ್ಧರ ವರ್ಷಾವಾಸದ ಹಿಂದಿನ ಕಥೆಯಂತೂ ಇಂದಿನ ನಗರಸಭೆಗೆ ಬರುವ ದೂರಿನಂತೆಯೇ ಇದೆ. ಮಳೆಗಾಲದಲ್ಲೂ ಭಿಕ್ಷುಗಳು ತಿರುಗಾಡಿ ಹಸಿರು ಪೈರು ತುಳಿಯುತ್ತಾರೆ, ಹುಳುಹುಪ್ಪಟೆ ಸಾಯಿಸುತ್ತಾರೆ ಎಂದು ಜನ ಗೊಣಗಿದರು. ಬುದ್ಧ ಮೂರು ತಿಂಗಳು ಒಂದೆಡೆ ನಿಲ್ಲುವ ನಿಯಮ ಮಾಡಿದ. ಆ ನಿಯಮದಿಂದಲೇ ವಿಹಾರಗಳು ಬೆಳೆದವು. ನಿಲ್ಲಬೇಕೆಂದು ಹೇಳಿದ ಮೇಲೆ ನಿಲ್ಲಲು ಸೂರು ಕಟ್ಟಿಕೊಟ್ಟದ್ದು ಗೃಹಸ್ಥರು, ವರ್ತಕರು. ಊರಿನಲ್ಲಿ ನೆಲೆ ನಿಂತವರ ಮೇಲೆ ತಿರುಗುವವರ ಋಣ ಇದೆ ಎಂಬ ಎಣಿಕೆ ಎರಡೂ ಕಡೆ ಕಾಣುತ್ತದೆ.

ಕನ್ನಡಿಗರಿಗೆ ಈ ಎಣಿಕೆ ಇನ್ನೂ ಹತ್ತಿರದ್ದು. ವಿಜಯವಾಡಕ್ಕೆ ಹೋಗುವ ಹೆದ್ದಾರಿ 65 ಬೀದರ್ ಜಿಲ್ಲೆಯಲ್ಲಿ ಬಸವಕಲ್ಯಾಣದ ಪಕ್ಕ, ಸಸ್ತಾಪುರ ಬಂಗ್ಲಾ ಮೂಲಕ ಹುಮನಾಬಾದಿಗೆ ಹಾಯುತ್ತದೆ. ಅಲ್ಲೂ ಒಂದು ಆಟೊನಗರವಿದೆ, ಲಾರಿಗೆ ಬಾಡಿ ಕಟ್ಟುವ ಸುತ್ತಿಗೆ ಸದ್ದು ಹೆದ್ದಾರಿಗೆ ಕೇಳುತ್ತದೆ. ಹನ್ನೆರಡನೆಯ ಶತಮಾನದ ಆ ಕಲ್ಯಾಣದ ಶರಣರ ನಡುವೆ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ, ಸುಂಕ ವಸೂಲಿಯ ಸುಂಕದ ಬಂಕಣ್ಣನಿದ್ದ. ಒಬ್ಬ ದಾಟಿಸುವವನು, ಒಬ್ಬ ತಡೆದು ನಿಲ್ಲಿಸುವವನು. ಇಂದಿನ ಲೆಕ್ಕದಲ್ಲಿ ಇಬ್ಬರೂ ಸಾರಿಗೆಯವರೇ. ಇಬ್ಬರ ಕಾಯಕಕ್ಕೂ ಅಲ್ಲಿ ಸಮಾನ ಮರ್ಯಾದೆ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂಬ ಶರಣರ ಮಾತನ್ನು ವೇದಿಕೆಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದಾಗಿದೆ. ಅದರ ಮಗ್ಗುಲಲ್ಲೇ ಇರುವ ದಾಸೋಹವನ್ನು ಮರೆತರೆ ಮಾತ್ರ ಅರ್ಧ ಕೇಳಿದಂತೆ. ಜಂಗಮ ತಿರುಗಬಹುದಾದದ್ದು ಅವನಿಗೆ ಬಾಗಿಲು ತೆಗೆಯುವ ಮನೆಗಳಿದ್ದುದರಿಂದ. ಚಲಿಸುವವನನ್ನು ಹೊಗಳಿ, ಅವನು ನಿಂತ ಗಳಿಗೆಯಲ್ಲಿ ಬಾಗಿಲು ಹಾಕಿಕೊಂಡರೆ ಅದು ಶರಣಧರ್ಮವೂ ಅಲ್ಲ, ನಗರಧರ್ಮವೂ ಅಲ್ಲ.

ಹಳೆಯದನ್ನೆಲ್ಲ ಚಿನ್ನದ ಕಾಲವೆಂದು ಕರೆಯುವ ಚಪಲಕ್ಕೆ ಇಲ್ಲಿ ಕಡಿವಾಣ ಬೇಕು. ಛತ್ರಗಳಲ್ಲಿ ಪಂಕ್ತಿಭೇದವಿತ್ತು. ಯಾವ ಜಾತಿಯವನಿಗೆ ಒಳಗೆ ಎಲೆ, ಯಾವನಿಗೆ ಹೊರ ಜಗಲಿ, ಯಾವನಿಗೆ ಊರ ಹೊರಗಿನ ಮರ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಲಾರಿಗೆ ಇಂದು ಸಿಗುವ ಜಾಗವನ್ನು ನೋಡಿದರೆ ಆ ಮೂರನೆಯ ಸಾಲು ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ. ಕಾರಿಗೆ ಮಾಲ್‌ನ ನೆಲಮಾಳಿಗೆ, ಬಸ್ಸಿಗೆ ನಿಲ್ದಾಣ, ಲಾರಿಗೆ ಊರಾಚೆಯ ಧೂಳು.

ಇಂಗ್ಲೆಂಡಿನ ಕೋರ್ಟೊಂದು 1812ರಲ್ಲೇ ಈ ವ್ಯಾಜ್ಯ ಕೇಳಿತ್ತು. ಲಂಡನ್ನಿನ ಚೇರಿಂಗ್ ಕ್ರಾಸ್ ಬಳಿ ಬಾಡಿಗೆ ಕುದುರೆಗಾಡಿಗಳು ಪ್ರಯಾಣಿಕರಿಗಾಗಿ ಮುಕ್ಕಾಲು ಗಂಟೆ ರಸ್ತೆಯಲ್ಲೇ ಕಾಯುತ್ತಿದ್ದವು. ರಾಜಮಾರ್ಗವನ್ನು ಯಾರೂ ತಮ್ಮ ಲಾಯ ಮಾಡಿಕೊಳ್ಳುವಂತಿಲ್ಲ ಎಂದು ನ್ಯಾಯಮೂರ್ತಿ ಎಲೆನ್‌ಬರೊ ತೀರ್ಪಿತ್ತರು. ನಮ್ಮ ಟ್ರಾಫಿಕ್ ಕಾನೂನಿನ ಬೇರು ಅಲ್ಲಿದೆ. ರಸ್ತೆ ಇರುವುದು ಹೋಗಿ ಬರಲು, ಕೂರಲು ಅಲ್ಲ. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು 1954ರಲ್ಲಿ ಸಗೀರ್ ಅಹ್ಮದ್ ಪ್ರಕರಣದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿತು. ಉತ್ತರ ಪ್ರದೇಶದ ಬಸ್ ಮಾಲೀಕರು ಹೂಡಿದ್ದ ದಾವೆ ಅದು. ರಸ್ತೆಗಳು ಸರ್ಕಾರದ ವಶದಲ್ಲಿದ್ದರೂ ಸರ್ಕಾರ ಜನರ ಪರವಾಗಿ ಅವುಗಳ ಧರ್ಮದರ್ಶಿ, ರಸ್ತೆ ಬಳಸುವುದು ಜನರ ಹಕ್ಕು, ಬಾಡಿಗೆಗೆ ಗಾಡಿ ಓಡಿಸುವವರೂ ಆ ಜನರಲ್ಲಿ ಸೇರಿದವರು ಎಂಬುದು ಅದರ ಸಾರ. ಧರ್ಮದರ್ಶಿ ಗುಡಿಯ ಬಾಗಿಲು ಹಾಕಬಹುದು; ಯಾವ ಹೊತ್ತಿಗೆ ತೆಗೆಯುತ್ತೇನೆಂದು ಹೇಳಬೇಕಾದವನೂ ಅವನೇ. ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುವಾಗ, ಭೂಮಿಯ ಮೇಲ್ಮೈ ಎಲ್ಲರಿಗೂ ಸೇರಿದ್ದಾದ್ದರಿಂದ ಪರಊರಿಗೆ ಬಂದು ಹೋಗುವ ಹಕ್ಕು ಪ್ರತಿಯೊಬ್ಬನಿಗೂ ಇದೆ, ಅತಿಥಿಯಾಗಿ ಉಳಿಯುವ ಹಕ್ಕು ಮಾತ್ರ ಊರಿನವರ ಒಪ್ಪಿಗೆಗೆ ಬಿಟ್ಟದ್ದು ಎಂದ. ಲಾರಿಯವನು ಕೇಳುವುದು ಆ ಮೊದಲ ಹಕ್ಕನ್ನಷ್ಟೇ. ಅವನು ಊರಿಗೆ ಬಂದದ್ದೂ ಊರು ಕರೆಸಿದ್ದರಿಂದ.

ಹಾಗೆಂದು ಅಡ್ಡಾದಿಡ್ಡಿ ನಿಂತ ಲಾರಿಗೆ ವಕಾಲತ್ತು ವಹಿಸುವುದು ಯಾರಿಂದಲೂ ಸಾಧ್ಯವಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನಿಂತ ವಾಹನಕ್ಕೆ ಹಿಂದಿನಿಂದ ಗುದ್ದಿ ಸತ್ತವರ ಪಾಲು ಇದ್ದೇ ಇದೆ. ಕೆಟ್ಟು ನಿಂತ ಲಾರಿಯ ಹಿಂದೆ ಏನಿರುತ್ತದೆಂದು ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಚಕ್ರಕ್ಕೊಂದು ಕಲ್ಲು. ಇಪ್ಪತ್ತು ಮಾರು ಹಿಂದೆ ಬೇವಿನದೋ ಹೊಂಗೆಯದೋ ಹಸಿ ಕೊಂಬೆ. ಅದರ ಹಿಂದೆ ಇನ್ನೆರಡು ಕಲ್ಲು. ಪ್ರತಿಫಲಿಸುವ ಕೆಂಪು ತ್ರಿಕೋನ ಇಡಬೇಕೆಂದು ನಿಯಮವಿದೆ; ಅದು ಕ್ಯಾಬಿನ್ನಿನ ಯಾವುದೋ ಮೂಲೆಯಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಟೈಲ್‌ಲೈಟ್ ಉರಿಸಿದರೆ ಬ್ಯಾಟರಿ ಇಳಿಯುತ್ತದೆಂಬ ಲೆಕ್ಕ. ಲಾರಿ ರಿಪೇರಿಯಾಗಿ ಹೋದ ಮೇಲೂ ಆ ಕಲ್ಲುಗಳು ರಸ್ತೆಯಲ್ಲೇ ಉಳಿದು ಬೈಕಿನವನನ್ನು ಬೀಳಿಸುತ್ತವೆ. ಹಿಂದೆ ಬರುವವನ ಜೀವ ತನ್ನ ಹೊಣೆ ಎಂಬ ನೆನಪು ಕಲ್ಲು ಇಡುವಾಗ ಇದ್ದದ್ದು ಹೊರಡುವಾಗ ಎಲ್ಲಿ ಹೋಗುತ್ತದೋ!

ಇನ್ನೊಂದು ಕಹಿ ಸತ್ಯವೂ ಇದೆ. ರಸ್ತೆಬದಿಯಲ್ಲಿ ಕಾಣುವ ಲಾರಿಗಳೆಲ್ಲ ದಣಿದು ನಿಂತವಲ್ಲ. ಕೆಲವು ಲೋಡಿಗಾಗಿ ಸರದಿ ಕಾಯುತ್ತಿರುತ್ತವೆ. ಕೆಲವು ನೋ ಎಂಟ್ರಿ ಹೊತ್ತು ಕಳೆಯಲೆಂದು ನಿಂತಿರುತ್ತವೆ. ಚಾಲಕ ಮಲಗಿರುವ ಲಾರಿಗಳೂ ಉಂಟು. ಸಾಕಷ್ಟು ಗಾಡಿಗಳು ಮಾತ್ರ ಮಾಲೀಕನಿಗೆ ಶೆಡ್ಡಿನ ಬಾಡಿಗೆ ಉಳಿಸಲು ವಾರಗಟ್ಟಲೆ ಅಲ್ಲೇ ತುಕ್ಕು ಹಿಡಿಯುತ್ತಿರುತ್ತವೆ. ಬಿಟ್ಟಿ ಪಾರ್ಕಿಂಗ್ ಎಂಬುದು ಯಾರಿಗೂ ಬಿಟ್ಟಿಯಲ್ಲ, ಉಳಿದವರ ತಲೆಯ ಮೇಲೆ ಹೇರಿದ ಖರ್ಚು ಎಂದು ಅಮೆರಿಕದ ಡೊನಾಲ್ಡ್ ಶೂಪ್ 2005ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಕೊನೆಯ ಗುಂಪಿಗೆ ಆ ಮಾತು ಅಕ್ಷರಶಃ ಸಲ್ಲುತ್ತದೆ. ಊರ ರಸ್ತೆಯನ್ನು ಗೋದಾಮು ಮಾಡಿಕೊಂಡವನಿಗೆ ಎಲೆನ್‌ಬರೊ ಹೇಳಿದ್ದೇ ಸರಿ. ನಿದ್ದೆ ತಡೆಯಲಾರದೆ ನಿಂತವನನ್ನೂ ಅವನನ್ನೂ ಒಂದೇ ಸೆಕ್ಷನ್ನಿನಲ್ಲಿ ಕಟ್ಟುವುದು ನ್ಯಾಯ ಹೇಗಾದೀತು? ದಂಡದ ಪುಸ್ತಕಕ್ಕೆ ಕಾಣುವುದು ನಿಂತ ಗಾಡಿ ಮಾತ್ರ. ಯಾಕೆ ನಿಂತಿತು ಎಂಬ ಕಾಲಂ ಅದರಲ್ಲಿಲ್ಲ.

ನಿದ್ದೆಯ ವಿಷಯದಲ್ಲಿ ಕಾನೂನು ತನಗೆ ತಾನೇ ಅಡ್ಡ ನಿಂತಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿತ್ತು. 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಬೇಕು, ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೋಣೆ ಬೇಕು ಎಂದಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುವವರೇ ತುಂಬಿರುವ ದಂಧೆಯಲ್ಲಿ ಆ ಕೋಣೆ ಕಟ್ಟುವವರು ಯಾರು? ಚಾಲಕನ ಕೋಣೆ ಎಂದರೆ ಸೀಟಿನ ಹಿಂದಿನ ಹಲಗೆ. ಅಡುಗೆಮನೆ ಎಂದರೆ ಎರಡು ಚಕ್ರದ ನಡುವಿನ ಸ್ಟೌ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದು ಒಳ್ಳೆಯದೇ. ತಣ್ಣನೆಯ ಕ್ಯಾಬಿನ್ನಿನಲ್ಲಿ ಮಲಗಿದವನನ್ನು ನಡುರಾತ್ರಿ ಲಾಠಿಯಿಂದ ಬಾಗಿಲು ಬಡಿದು 'ತೆಗಿ ಗಾಡಿ' ಎಂದರೆ ಆ ಎಸಿ ಎಷ್ಟು ಹೊತ್ತಿಗೆ? ವಿಶ್ರಾಂತಿ ಕಡ್ಡಾಯ ಅನ್ನುವುದೂ ಸರ್ಕಾರ, ನಿಂತರೆ ದಂಡ ಅನ್ನುವುದೂ ಸರ್ಕಾರ.

ಕಾಯುವುದಕ್ಕೂ ಒಂದು ಮರ್ಯಾದೆ ಇರಬಹುದು ಎಂಬುದನ್ನು ವಿಶಾಖಪಟ್ಟಣದ ಬಂದರು ತೋರಿಸಿಕೊಟ್ಟಿದೆ. 1933ರ ಅಕ್ಟೋಬರ್ 7ರಂದು ಜಲದುರ್ಗ ಎಂಬ ಹಡಗು ಬಂದು ಕಟ್ಟಿದ ದಿನದಿಂದ ಈ ಬಂದರು ಹಡಗುಗಳನ್ನು ನಿಲ್ಲಿಸಿಕೊಳ್ಳುತ್ತಾ ಬಂದಿದೆ. ಹೊರ ಸಮುದ್ರದಲ್ಲಿ ಲಂಗರಿಗೆ ಗೊತ್ತಾದ ಜಾಗ, ಒಳಗೆ ಗೊತ್ತಾದ ಬರ್ತ್, ಗೊತ್ತಾದ ಬಾಡಿಗೆ. ಸರಕು ಇಳಿಸಲು ತಡವಾದರೆ ತಡಮಾಡಿದವನು ಹಡಗಿನವನಿಗೆ ಡೆಮರೇಜ್ ಕಟ್ಟಿಕೊಡಬೇಕು. ಬಂದರಿನ ಕಾಲುವೆಯ ಮೇಲಿನ ಮೂರು ಗುಡ್ಡಗಳಲ್ಲಿ ವೆಂಕಟೇಶ್ವರನ ಗುಡಿ, ರಾಸ್ ಹಿಲ್ ಚರ್ಚು, ಇಶಾಕ್ ಮದೀನಾ ದರ್ಗಾ ಮೂರೂ ಇವೆ. ದಾಟುವ ಹಡಗುಗಳು ದರ್ಗಾಕ್ಕೆ ಬಾವುಟ ಇಳಿಸಿ ಏರಿಸಿ ವಂದಿಸುತ್ತಿದ್ದವೆಂದು ಹಳಬರ ಪ್ರತೀತಿ. ಅದೇ ಹಡಗಿನ ಸರಕನ್ನು ಒಯ್ಯಲು ಬಂದ ಲಾರಿ ಮಾತ್ರ ಬಂದರಿನ ಗೇಟಿನಿಂದಾಚೆ, ಶೀಲಾನಗರದ ಕಡೆಯ ರಸ್ತೆಯಲ್ಲಿ, ಅಂಚಿನ ಮಣ್ಣಿನಲ್ಲಿ ಸರದಿ ಕಾಯುತ್ತದೆ. ಕಾಯಿಸಿದವನು ಲಾರಿಯವನಿಗೆ 'ಹಾಲ್ಟಿಂಗ್' ಕೊಡಬೇಕೆಂಬ ರೂಢಿ ಈ ದಂಧೆಯಲ್ಲಿದೆ. ಕೊಡಿಸಿಕೊಳ್ಳಬಲ್ಲವನು ಗಟ್ಟಿಗ. ಅಡ್ಡಿಯ ದಂಡ ಬೀಳುವುದು ಕಾಯುವವನಿಗೆ, ಕಾಯಿಸುವವನಿಗೆ ಏನೂ ಇಲ್ಲ. ಕರ್ಮ ಒಬ್ಬನದು, ಫಲ ಇನ್ನೊಬ್ಬನಿಗೆ. ಕರ್ಮಸಿದ್ಧಾಂತವನ್ನು ಗಟ್ಟಿಯಾಗಿ ನಂಬುವ ದೇಶದಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸದಿರುವುದೇ ವಿಚಿತ್ರ.

ದಾರಿ ತೋರುವ ಉದಾಹರಣೆಗಳು ಇಲ್ಲವೆಂದಲ್ಲ. ವಿಜಯವಾಡದ ಒನ್ ಟೌನ್ ಗಲ್ಲಿಗಳಲ್ಲಿ ಉಸಿರುಗಟ್ಟಿದ್ದ ಸಗಟು ವ್ಯಾಪಾರಕ್ಕೆ ಹೈದರಾಬಾದ್ ದಾರಿಯ ಗೊಲ್ಲಪೂಡಿಯಲ್ಲಿ ಮಹಾತ್ಮ ಗಾಂಧಿ ಸಗಟು ಮಾರುಕಟ್ಟೆ ಎದ್ದಿತು. ಸರಕನ್ನೇ ಊರಿನ ಅಂಚಿಗೆ ತಂದರೆ ಲಾರಿ ಒಳಗೆ ನುಗ್ಗಬೇಕಿಲ್ಲ. ಆಟೊನಗರದ ಹಿಂದಿನ ಯೋಚನೆಯೂ ಇದೇ ಆಗಿತ್ತು. ಬೆಂಗಳೂರಿನ ಯಶವಂತಪುರದಲ್ಲಿ ದೇವರಾಜ ಅರಸರ ಹೆಸರಿನ ಟ್ರಕ್ ಟರ್ಮಿನಲ್ ಇದೆ, ಅದಕ್ಕೆಂದೇ ಕರ್ನಾಟಕ ಸರ್ಕಾರದ ಕಂಪನಿಯೊಂದಿದೆ. ಆದರೆ ಜಾಗ ಎಂದರೆ ಬರೀ ಕಾಂಪೌಂಡು ಹಾಕಿದ ಬಯಲು ಎಂದು ತಿಳಿದ ಕಡೆಯೆಲ್ಲ ಲಾರಿಗಳು ಮತ್ತೆ ರಸ್ತೆಗೇ ಬಂದಿವೆ. ನೀರು, ಕಕ್ಕಸು, ಬೆಳಕು, ಡೀಸೆಲ್ ಕಳ್ಳರಿಂದ ಕಾವಲು ಇಲ್ಲದ ಟರ್ಮಿನಲ್ಲಿಗೆ ಹಣ ಕೊಟ್ಟು ಹೋಗುವ ಬದಲು ಢಾಬಾದ ಮುಂದೆ ಬಿಟ್ಟಿಯಾಗಿ ನಿಂತು, ಬಿಸಿ ರೊಟ್ಟಿ ತಿಂದು, ಢಾಬಾದವನ ಹಗ್ಗದ ಮಂಚದ ಮೇಲೆ ಮಲಗುವುದು ಚಾಲಕನಿಗೆ ಮೇಲು. ತೊಟ್ಲಕೊಂಡದ ಭಿಕ್ಷುಗಳಿಗೆ ಗೊತ್ತಿತ್ತು: ಮೊದಲು ತೊಟ್ಟಿ ಕೊರೆಯಬೇಕು, ಅಡುಗೆಮನೆ ಕಟ್ಟಬೇಕು.

ಈಗ ವಿಜಯವಾಡದ ಎದುರು ದಡದಲ್ಲಿ ಅಮರಾವತಿ ಏಳುತ್ತಿದೆ. 2015ರ ಅಕ್ಟೋಬರ್ 22ರಂದು, ವಿಜಯದಶಮಿಯ ದಿನವೇ, ಅದಕ್ಕೆ ಶಂಕುಸ್ಥಾಪನೆಯಾಗಿತ್ತು. ನಡುವೆ ವರ್ಷಗಟ್ಟಲೆ ನಿಂತುಹೋಗಿದ್ದ ಕೆಲಸಕ್ಕೆ 2025ರ ಮೇ 2ರಂದು ಮತ್ತೆ ಚಾಲನೆ ಸಿಕ್ಕಿತು. ಹಳೆಯ ಊರುಗಳಿಗೆ ಇಲ್ಲದ ಅನುಕೂಲ ಇದಕ್ಕಿದೆ. ರೈತರು ಒಟ್ಟುಗೂಡಿಸಿ ಕೊಟ್ಟ ಮೂವತ್ತು ಸಾವಿರಕ್ಕೂ ಹೆಚ್ಚು ಎಕರೆಯ ಮೇಲೆ ನಕ್ಷೆ ಮೊದಲು, ಊರು ಆಮೇಲೆ. ಸಚಿವಾಲಯ, ಹೈಕೋರ್ಟು, ನದಿ ದಂಡೆಯ ವಿಹಾರಪಥಗಳಿಗೆ ಬಣ್ಣಬಣ್ಣದ ಗುರುತು ಬಿದ್ದಿವೆ. ಆ ಊರನ್ನು ಕಟ್ಟಲು ಕೃಷ್ಣೆಯ ಮರಳು, ಸಿಮೆಂಟು, ಉಕ್ಕು ಹೊತ್ತು ತರುತ್ತಿರುವುದು ಲಾರಿಗಳೇ. ಊರು ಪೂರ್ತಿಯಾಗಿ ಅಲ್ಲಿಯೂ ಒಬ್ಬ ಪೊಲೀಸ್ ಕಮಿಷನರ್ ಬಂದು ಹಗಲು ಹೊತ್ತಿನ ಪ್ರವೇಶ ನಿರ್ಬಂಧದ ಆದೇಶಕ್ಕೆ ಸಹಿ ಹಾಕುವ ಮೊದಲು, 117ನೇ ಸೆಕ್ಷನ್ ಕೊಟ್ಟ ಅಧಿಕಾರವನ್ನು ಬಳಸಿ ಲಾರಿಗೆಂದು ಎಷ್ಟು ಎಕರೆ, ಯಾವ ರಸ್ತೆಯಲ್ಲಿ, ಎಷ್ಟು ನಲ್ಲಿಗಳೊಡನೆ ಎಂದು ಬರೆದಿಡಲು ಯೋಜಕರಿಗೆ ಇನ್ನೂ ಸಮಯವಿದೆ.